ತೊಗಲಿನ ಕುಶಲವಿದ್ಯೆ: ಹದ, ಕಸುಬು ಮತ್ತು ಘನತೆ



ಭಾರತೀಯರ ಸಾಂಪ್ರದಾಯಿಕ ಚರ್ಮ ಕರಕುಶಲ ಕಲೆಗಳನ್ನು ಕುರಿತ ಈ ವಿಚಾರ ಸಂಕಿರಣಕ್ಕೆ ತೆಲಂಗಾಣದ ಪಟಾನ್‌ಚೆರು ಉಚಿತವಾದ ನೆಲೆ. 11ನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ರಾಜಧಾನಿಯಾಗಿದ್ದ ಪೊಟ್ಟಳಕೆರೆಯನ್ನು ಇತಿಹಾಸಕಾರರು ಈ ಊರೆಂದೇ ಗುರುತಿಸಿದ್ದಾರೆ. ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನು ರಾಣಿ ಸುಗ್ಗಲೆಗೆ ದೀಕ್ಷೆ ಕೊಟ್ಟನೆಂಬ ಪರಂಪರೆಯ ಕಥನವೂ ಪೊಟ್ಟಳಕೆರೆಯದೇ. ಇಲ್ಲಿಂದ ಪಶ್ಚಿಮಕ್ಕೆ ಸಾಗುವ ಸೊಲ್ಲಾಪುರ ಹೆದ್ದಾರಿಗೆ ಹತ್ತಿರದ ಬಸವಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಪಾದರಕ್ಷೆ ಹೊಲಿಯುವ ಸಮಗಾರ ಹರಳಯ್ಯ ಮತ್ತು ತೊಗಲು ಹದಮಾಡುವ ಡೋಹರ ಕಕ್ಕಯ್ಯ ಶರಣರ ಸಾಲಿನಲ್ಲಿ ಸರಿಸಮಾನರಾಗಿ ನಿಂತರು. ಆ ಸಮಾನತೆಯನ್ನು ಮುಂದಿನ ಸಮಾಜ ಉಳಿಸಿಕೊಳ್ಳಲಿಲ್ಲ. ಚಪ್ಪಲಿ, ಮಿಣಿ, ಬಾರುಕೋಲು, ಹಲಗೆ, ಕಪಿಲೆಯ ನೀರಚೀಲಗಳನ್ನು ಪಡೆದುಕೊಂಡ ಊರು ಅವನ್ನು ಮಾಡಿದವರನ್ನು ಹೊರಗಿಟ್ಟಿತು. ಆದುದರಿಂದ ತೊಗಲಿನ ಕಲೆಯ ಚರ್ಚೆಯು ಕಲಾವಿದರ ಘನತೆಯ ಚರ್ಚೆಯೂ ಆಗಲೇಬೇಕು.

ಈ ಕಸುಬಿನ ಬುಡದಲ್ಲಿ ಗಟ್ಟಿಯಾದ ರಸಾಯನ ಜ್ಞಾನವಿದೆ. ಹಸಿ ತೊಗಲು ಕೊಳೆಯದಂತೆ, ಒಣಗಿ ಸೆಟೆಯದಂತೆ ಕಾಯುವ ಕ್ರಿಯೆಯೇ ಹದಗೊಳಿಸುವಿಕೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಸಡಿಲವಾದ ಕೂದಲನ್ನೂ ಒಳಬದಿಯ ಮಾಂಸದ ಪದರವನ್ನೂ ಹೆರೆದು, ಸುಣ್ಣ ಹೋಗುವಂತೆ ತೊಳೆದು, ಬಳಿಕ ಕರಿಜಾಲಿಯ ಚಕ್ಕೆ, ಅಳಲೆಕಾಯಿ, ತಂಗಡಿಯ ತೊಗಟೆ ಮೊದಲಾದವುಗಳ ರಸದಲ್ಲಿ ವಾರಗಟ್ಟಲೆ ಇಡಲಾಗುತ್ತದೆ. ಇವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ತೊಗಲಿನ ನಾರುಗಳಾದ ಕೊಲಾಜೆನ್‌ಗೆ ಕೂಡಿಕೊಂಡು ಅದನ್ನು ಬಾಳಿಕೆ ಬರುವ ಚರ್ಮವಾಗಿಸುತ್ತದೆ. ಬತುಕಮ್ಮ ಹಬ್ಬದಲ್ಲಿ ಪೇರಿಸುವ ಹೂವು, ತೆಲಂಗಾಣದ ರಾಜ್ಯಪುಷ್ಪವಾದ ತಂಗೇಡು, ಈ ತಂಗಡಿಯೇ. ಹಬ್ಬದಲ್ಲಿ ಆ ಹೂವಿಗೆ ಸಲ್ಲುವ ಗೌರವ ಅದರ ತೊಗಟೆಯ ಗುಣವನ್ನು ಅರಿತು ಬಳಸಿದ ಕೈಗಳಿಗೆ ಸಲ್ಲಲಿಲ್ಲ.

ಹದಗೊಂಡ ಚರ್ಮದ ಅತ್ಯಂತ ಪ್ರಸಿದ್ಧ ವಸ್ತು ಕೊಲ್ಹಾಪುರಿ ಚಪ್ಪಲಿ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆಯ ಮಾನ್ಯತೆ 2019ರಲ್ಲಿ ಪ್ರಕಟವಾದಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿದವು. ಅಥಣಿ ಮತ್ತು ನಿಪ್ಪಾಣಿಯ ಕಡೆಯ ಮನೆಗಳಲ್ಲಿ ರಂಪಿಗೆಯಿಂದ, ಅಂದರೆ ತೊಗಲು ಕೊಯ್ಯುವ ಅಗಲಬಾಯಿಯ ಹತಾರದಿಂದ, ಎಮ್ಮೆಯ ತೊಗಲನ್ನು ಅಟ್ಟೆಯ ಅಳತೆಗೆ ಕತ್ತರಿಸಿ, ಪದರಗಳನ್ನು ಜೋಡಿಸಿ, ಒಂದು ಮೊಳೆಯನ್ನೂ ಬಳಸದೆ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಮೇಲಿನ ಪಟ್ಟಿಯ ನವಿರಾದ ಹೆಣಿಗೆ ಬಹುಮಟ್ಟಿಗೆ ಹೆಂಗಸರ ಕೈಕೆಲಸ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನಲ್ಲಿ ಇದೇ ಮಾದರಿಯ ಪಾದರಕ್ಷೆಯನ್ನು ಮೂಲವನ್ನು ಹೇಳದೆ ಪ್ರದರ್ಶಿಸಿ, ಆಕ್ಷೇಪಗಳು ಎದ್ದ ಮೇಲೆ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಮಾನ್ಯತೆಯ ಪತ್ರವೊಂದೇ ಸಾಲದು, ಅದನ್ನು ಕಾಯುವ ಎಚ್ಚರವೂ ಬೇಕೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ತೊಗಲುಗೊಂಬೆಯ ದಾರಿ ಇದಕ್ಕಿಂತ ಭಿನ್ನ. ಪರದೆಯ ಹಿಂದಿನ ದೀಪದ ಬೆಳಕು ಗೊಂಬೆಯ ಮೂಲಕ ಹಾಯಬೇಕಾದ ಕಾರಣ ಇಲ್ಲಿ ತೊಗಟೆಯ ರಸದ ಹದವಿಲ್ಲ. ಆಡಿನ ತೊಗಲನ್ನು ಹೆರೆದು, ಬಿಗಿದು, ಒಣಗಿಸಿ ಪಾರದರ್ಶಕ ಹಾಳೆಯಂತಾಗಿಸಿ, ಸಣ್ಣ ಉಳಿಗಳಿಂದ ಒಡವೆ ಮತ್ತು ಉಡುಗೆಗಳ ಚಿತ್ತಾರವನ್ನು ರಂಧ್ರಗಳಲ್ಲಿ ಕೊರೆದು ಬಣ್ಣ ತುಂಬಲಾಗುತ್ತದೆ. ಈ ಕಲೆಯನ್ನು ಕರ್ನಾಟಕದಲ್ಲಿ ಸಿಳ್ಳೇಕ್ಯಾತರು ಉಳಿಸಿಕೊಂಡು ಬಂದರೆ, ಆಂಧ್ರದ ಧರ್ಮಾವರದ ಬಳಿಯ ನಿಮ್ಮಲಕುಂಟದ ಕುಟುಂಬಗಳು ಆಟದ ಜೊತೆಗೆ ದೀಪದ ಮುಸುಕುಗಳನ್ನೂ ಮಾಡಿ ಹೊಸ ಮಾರುಕಟ್ಟೆ ಕಂಡುಕೊಂಡಿವೆ. ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿರುವುದು ತಡವಾದರೂ ನ್ಯಾಯವಾದ ಮನ್ನಣೆ.

ಇಂದು ಈ ಕಸುಬುಗಳ ಮುಂದೆ ಕ್ರೋಮಿಯಂ ಲವಣದಿಂದ ಬೇಗನೆ ಹದವಾಗುವ ಅಗ್ಗದ ಚರ್ಮವಿದೆ, ಕೃತಕ ರೆಕ್ಸಿನ್ ಇದೆ, ಯಂತ್ರದ ನಕಲಿದೆ. ಕಾರ್ಖಾನೆಗಳ ತ್ಯಾಜ್ಯದಿಂದ ನಕ್ಕವಾಗು ಹಳ್ಳ ಕೆಟ್ಟುದನ್ನು ಕಂಡಿರುವ ಪಟಾನ್‌ಚೆರುವಿಗೆ ಅಗ್ಗದ ಉತ್ಪಾದನೆಯ ನಿಜವಾದ ಬೆಲೆ ಏನೆಂಬುದು ತಿಳಿದಿದೆ. ತೊಗಟೆಯ ಹದದಲ್ಲಿ ಕ್ರೋಮಿಯಂನ ಅಪಾಯವಿಲ್ಲದಿದ್ದರೂ ಅದರ ತ್ಯಾಜ್ಯ ನೀರಿಗೂ ಶುದ್ಧೀಕರಣ ಬೇಕು. ಸುಣ್ಣದ ಗುಂಡಿಗೆ ಬರಿಗೈ ಹಾಕುವ ದುಡಿಮೆಯನ್ನು ಪರಂಪರೆಯ ಹೆಸರಿನಲ್ಲಿ ಮುಂದುವರಿಸುವುದೂ ತಕ್ಕುದಲ್ಲ. 1948ರಿಂದ ಕೆಲಸ ಮಾಡುತ್ತಿರುವ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳ ತಿಳಿವು ಮತ್ತು ಹಟ್ಟಿಗಳ ಅನುಭವ ಒಂದೇ ಮೇಜಿನ ಮುಂದೆ ಕೂರಬೇಕಾದುದು ಇದಕ್ಕಾಗಿಯೇ.

ಈ ಸಂಕಿರಣವು ಹದದ ಪಾಕಗಳನ್ನೂ ಹತಾರಗಳ ಹೆಸರುಗಳನ್ನೂ ಕುಶಲಕರ್ಮಿಗಳ ಬಾಯಿಂದಲೇ, ಅವರ ಹೆಸರಿನಲ್ಲೇ ದಾಖಲಿಸಲಿ. ವಿನ್ಯಾಸ ಶಾಲೆಗಳು ಅವರನ್ನು ಸಂಭಾವನೆ ಪಡೆಯುವ ಅಧ್ಯಾಪಕರನ್ನಾಗಿ ಕರೆಯಲಿ. ಸರಕಾರಗಳು ಕಚ್ಚಾ ತೊಗಲು, ಸುರಕ್ಷಿತ ಹದದ ಘಟಕ ಮತ್ತು ನ್ಯಾಯವಾದ ಬೆಲೆಯನ್ನು ಖಾತ್ರಿಪಡಿಸಲಿ. ಈ ಕಸುಬಿನವರ ಮಕ್ಕಳು ಇದನ್ನು ಹುಟ್ಟಿನ ಹೊರೆಯಾಗಿ ಹೊರುವಂತಾಗಬಾರದು, ತಾವೇ ಆರಿಸಿಕೊಂಡ ವಿದ್ಯೆಯಾಗಿ ಕಲಿಯುವಂತಾಗಬೇಕು. ಆ ದಿಕ್ಕಿನಲ್ಲಿ ಇಲ್ಲಿ ಸೇರಿರುವ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದೇ ಈ ಸಂಕಿರಣದ ಆಶಯ.