ತಿಂಗಳ ಕೊನೆಯ ಉದ್ರಿ



ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿಯುವವರೂ, ಹಳಿಯಾಳದ ಕಬ್ಬಿನ ಹೊಲಗಳ ತಾಯಂದಿರೂ, ಜೋಯಿಡಾ, ಮುಂಡಗೋಡಗಳಿಂದ ಬಂದವರೂ ಇಲ್ಲಿ ಕುಳಿತಿದ್ದೀರಿ. ಪಗಾರ ಬಂದ ದಿನವೇ ಅರ್ಧ ಹಣ ಅಂಗಡಿಯ ಉದ್ರಿ ವಹಿಗೆ ಹೋಗುವುದು. ಇಪ್ಪತ್ತನೆಯ ತಾರೀಖಿಗೆ ಮತ್ತೆ ಕೈ ಬರಿದು. ಇದು ಸೋಮಾರಿಗಳ ಕಥೆಯಲ್ಲ, ಕಾಯಕ ಮಾಡುವವರ ಕಥೆ.

‘ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಿದರೇ, ಬುದ್ಧೀ?’ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆಯ್ದಕ್ಕಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಇದ್ದಲ್ಲಿಗೇ ಸುರಿದು ಬಾ ಎಂದಳು, ನಿಜ. ಆಕೆ ಬೇಡವೆಂದದ್ದು ಆಸೆಯ ಅಕ್ಕಿಯನ್ನು. ಸಾಲದ ಅಕ್ಕಿಯನ್ನು ಉಣ್ಣಿರೆಂದು ಎಲ್ಲಿ ಹೇಳಿದಳು?

ಲೆಕ್ಕ ನೋಡಿರಿ. ಆಸ್ಪತ್ರೆಗೆಂದು ತಂದ 10,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ 500 ರೂಪಾಯಿ. ಐದು ವರ್ಷಕ್ಕೆ 30,000 ಹೋಯಿತು; ಅಸಲು ಹಾಗೆಯೇ ನಿಂತಿತು. ಅದೇ 500ನ್ನು ಮೊದಲೇ ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟುತ್ತ ಬಂದಿದ್ದರೆ ಆ 30,000 ಬಡ್ಡಿಸಹಿತ ನಿಮ್ಮದೇ. ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಖಾತೆ ತೆರೆಯಬಹುದು. ಹನ್ನೆರಡು ಕಂತು ತಪ್ಪದೆ ಕಟ್ಟಿದ ಮೇಲೆ, ಕೂಡಿದ್ದರ ಅರ್ಧದವರೆಗೆ ಅಲ್ಲಿಯೇ ಸಾಲವೂ ಸಿಗುವುದು.

ಈಗಾಗಲೇ ಸಾಲವಿದ್ದವರು ಮೊದಲು ಅಸಲನ್ನು ಚೂರುಚೂರಾಗಿಯಾದರೂ ಇಳಿಸಿರಿ. ನೂರಕ್ಕೆ ಐದರ ಬಡ್ಡಿಯನ್ನು ಮೀರಿಸುವ ಉಳಿತಾಯ ಯಾವ ಬ್ಯಾಂಕಿನಲ್ಲಿಯೂ ಇಲ್ಲ.

ಇನ್ನೊಂದು ಮಾತು. ಜಾತ್ರೆಗೆ ಸಾಲ ಮಾಡಿ ಮಠಕ್ಕೆ ಕಾಣಿಕೆ ತರಬೇಡಿರಿ. ಅಂಚೆಯ ಪುಸ್ತಕ ತಂದು ತೋರಿಸಿರಿ, ನೂರೇ ರೂಪಾಯಿ ಇರಲಿ, ನಮಗೆ ಅದು ಸಾಕು.