ಉಗಾದಿಗೆ ಎಲ್ಲಿಗೆ ಹೊಂಟೀರಿ?

ಹೋಳಿಯ ಬಣ್ಣ ಮೈಯಿಂದ ಪೂರ್ತಿ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ವಿಜಯಪುರ ಜಿಲ್ಲೆಯ ಮನಗೂಳಿಯ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಮಾತು ಶುರುವಾಗುತ್ತದೆ. ‘ಈ ಸಲ ಉಗಾದಿ ಎಲ್ಲೋ ತಮ್ಮಾ?’ ‘ಮಲ್ಲಯ್ಯನ ಕಡೆ ಹೊಂಟೀನಿ ಕಾಕಾ.’ ಇಷ್ಟೇ. ಯಾವ ಊರು, ಎಷ್ಟು ದಿನ, ಎಲ್ಲಿ ವಸತಿ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಅವೆಲ್ಲ ಅಜ್ಜನ ಕಾಲದಲ್ಲೇ ತೀರ್ಮಾನವಾಗಿವೆ.

ಉಗಾದಿ ನಾಡಿನ ಉಳಿದ ಕಡೆ ಮನೆಯ ಹಬ್ಬ. ಎಣ್ಣೆಸ್ನಾನ, ಬೇವು-ಬೆಲ್ಲ, ಹೋಳಿಗೆ, ಸಂಜೆಗೆ ಪಂಚಾಂಗ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಷ್ಟೋ ಮನೆಗಳಲ್ಲಿ ಆ ದಿನ ಒಬ್ಬರಾದರೂ ಊರಲ್ಲಿರುವುದಿಲ್ಲ. ಅವರು ನಾನೂರು ಕಿಲೋಮೀಟರ್ ಆಚೆ, ನಲ್ಲಮಲ ಕಾಡಿನ ನೆತ್ತಿಯ ಮೇಲೆ, ಮಲ್ಲಯ್ಯನ ಶ್ರೀಶೈಲದಲ್ಲಿರುತ್ತಾರೆ. ಹೋಳಿ ಹುಣ್ಣಿಮೆಯಿಂದ ಉಗಾದಿ ಅಮಾವಾಸ್ಯೆಗೆ ಹದಿನೈದು ದಿನ. ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆದರೆ ಲೆಕ್ಕ ಸರಿಹೋಗುತ್ತದೆ. ಪಂಚಾಂಗ ಬರೆದವರು ಪಾದಯಾತ್ರಿಗಳನ್ನು ಕೇಳಿಯೇ ಬರೆದರೇನೋ ಎನ್ನಿಸಬೇಕು!

ಈ ದಾರಿ ಯಾವಾಗಿನದು? ಊರಿನ ಹಳಮೆಗೆ ಸಾಕ್ಷಿ ಮನಗೂಳಿಯ 1161ರ ಶಾಸನ; ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನು ಓದಿ ಪ್ರಕಟಿಸಿದ್ದಾರೆ. ಕಳಚುರಿ ಬಿಜ್ಜಳನ ಕಾಲದ್ದು. ಊರಿನ ಹೆಸರು ಅದರಲ್ಲಿ ಮಣಿಂಗವಳ್ಳಿ. ಅದೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಕತೆಯಂತೂ ಈ ಸೀಮೆಯ ಮಕ್ಕಳಿಗೂ ಗೊತ್ತು. ದನ ಕಾಯುವ ಹುಡುಗನ ಹೊಲಕ್ಕೆ ಮಲ್ಲಯ್ಯನೆಂಬ ಜಂಗಮ ಬಂದ, ನವಣೆಯ ತೆನೆ ತಿಂದ, ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆ ತಾ ಎಂದ. ಹುಡುಗ ಮನೆಗೆ ಓಡಿಹೋಗಿ ಬರುವಷ್ಟರಲ್ಲಿ ಜಂಗಮ ಮಾಯ. ಮಲ್ಲಯ್ಯನನ್ನು ಹುಡುಕುತ್ತ ಅಳುತ್ತಿದ್ದವನನ್ನು ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಜೊತೆಗೆ ಕರೆದೊಯ್ದರು. ರಾಘವಾಂಕನು ‘ಸಿದ್ಧರಾಮ ಚರಿತ್ರೆ’ಯಲ್ಲಿ ಹೇಳಿದ ಈ ಕತೆಯಲ್ಲಿ ಒಂದು ಸಂಗತಿ ಗಮನಿಸಬೇಕು: ಹುಡುಗ ಹೊರಡುವ ಮೊದಲೇ ಯಾತ್ರಿಕರ ಗುಂಪು ದಾರಿಯಲ್ಲಿತ್ತು.

ರಾಜರು ಆಮೇಲೆ ಬಂದರು. ಕಾಡಿನ ಏರಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದವನು ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮ. ಗುಡಿಯ ಮುಂದಿನ ಮುಖಮಂಟಪ ವಿಜಯನಗರದ ಎರಡನೆಯ ಹರಿಹರನದು. ಕೃಷ್ಣದೇವರಾಯ ಪೂರ್ವದ ಗೋಪುರ ಎತ್ತಿಸಿದ. 1677ರಲ್ಲಿ ಬಂದ ಶಿವಾಜಿಯ ಹೆಸರು ಉತ್ತರದ ಗೋಪುರಕ್ಕಿದೆ.

ಶ್ರೀಶೈಲಕ್ಕೆ ವರ್ಷದಲ್ಲಿ ಎರಡು ಸಲ ಜನಸಾಗರ ನುಗ್ಗುತ್ತದೆ. ಶಿವರಾತ್ರಿ ತೆಲುಗರದು. ಆ ರಾತ್ರಿ ನೇಕಾರರೊಬ್ಬರು ತಾವೇ ನೇಯ್ದ ಉದ್ದನೆಯ ಬಟ್ಟೆಯನ್ನು ಗುಡಿಯ ಶಿಖರಕ್ಕೆ ಪಾಗು ಸುತ್ತುತ್ತಾರೆ. ಉಗಾದಿ ಕನ್ನಡಿಗರದು. ಉಗಾದಿಯ ಹಿಂದಿನ ರಾತ್ರಿ ಅಗ್ನಿಕುಂಡ ಹಾಯುವವರು, ವೀರಭದ್ರನ ಆವೇಶದಲ್ಲಿ ಕುಣಿಯುವವರು ನಮ್ಮವರೇ. ಇದಕ್ಕೆ ಜನ ಕೊಡುವ ಕಾರಣ ಶಾಸ್ತ್ರದ್ದಲ್ಲ, ಬೀಗತನದ್ದು. ಅಲ್ಲಿಯ ದೇವಿ ಭ್ರಮರಾಂಬೆ ಕನ್ನಡಿಗರ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಲಿ ಹೋಗಲಾದೀತೆ? ಸೀರೆ, ಕುಪ್ಪಸ, ಬಳೆ, ಅರಿಸಿನ-ಕುಂಕುಮ ಗಂಟು ಕಟ್ಟಿಕೊಂಡೇ ಹೊರಡುತ್ತಾರೆ. ಪ್ರವಾಸಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣವನ್ನು ಯಾವ ಪ್ರವಾಸೋದ್ಯಮ ಇಲಾಖೆಯೂ ಇನ್ನೂ ಹುಡುಕಿಲ್ಲ.

ಭಕ್ತಿಯ ಹಿಂದೆ ಹೊಲದ ಲೆಕ್ಕವೂ ಇದೆ. ‘ಡೋಣಿ ಹರಿದರ ಓಣೆಲ್ಲಾ ಜೋಳ’ ಎನ್ನುವ ಸೀಮೆ ಇದು. ಹಿಂಗಾರಿ ಬಿಳಿಜೋಳದ ರಾಶಿ ಹೋಳಿಯ ಹೊತ್ತಿಗೆ ಮನೆ ಸೇರಿರುತ್ತದೆ. ಸಂಬಳದಾಳಿನ ವರ್ಷ ಉಗಾದಿಯಿಂದ ಉಗಾದಿಗೆ. ಹಳೆಯ ಲೆಕ್ಕ ಮುಗಿದು ಹೊಸದು ಶುರುವಾಗುವ ನಡುವೆ ಒಕ್ಕಲಿಗನಿಗೆ ಹದಿನೈದಿಪ್ಪತ್ತು ದಿನ ಬಿಡುವು. ಇನ್ನೆರಡು ಯಾತ್ರೆಗಳೂ ಹೀಗೆಯೇ ಬಿಡುವು ನೋಡಿ ಕೂತಿವೆ. ಮುಂಗಾರಿ ಬಿತ್ತಿದ ಮೇಲೆ ಆಷಾಢ ಏಕಾದಶಿ ಬಂತು, ದಿಂಡಿ ಪಂಢರಪುರಕ್ಕೆ. ಹಿಂಗಾರಿ ಬಿತ್ತನೆ ಮುಗಿಯುವಾಗ ಸೀಗಿ ಹುಣ್ಣಿಮೆ ಬಂತು, ಕಾಲು ತುಳಜಾಪುರಕ್ಕೆ. ದಸರೆ ಮುಗಿಸಿ ದಣಿದ ಅಂಬಾಭವಾನಿ ಮಂಚದ ಮೇಲೆ ಮಲಗಿ ಏಳುವುದು ಆ ಹುಣ್ಣಿಮೆಗೇ. ಪಂಢರಪುರ ಇಂದು ಮಹಾರಾಷ್ಟ್ರದಲ್ಲಿದ್ದರೂ 1237ರಲ್ಲಿ ಅಲ್ಲಿ ವಿಠಲನಿಗೆ ದತ್ತಿ ಬಿಟ್ಟವನು ಹೊಯ್ಸಳ ಸೋಮೇಶ್ವರ. ವಿಠಲನನ್ನು ಕನ್ನಡಿಗನೆಂದು ಕರೆದವರು ಸ್ವತಃ ಸಂತ ಜ್ಞಾನೇಶ್ವರರು. ರಾಜ್ಯದ ಗಡಿ ಬರೆದದ್ದು ನಿನ್ನೆ ಮೊನ್ನೆ. ಯಾತ್ರೆಯ ಗಡಿ ಬೇರೆಯೇ.

ಹಬ್ಬಕ್ಕೆ ಹೋಗುವುದು ಒಂದು, ಹಬ್ಬ ನೋಡಲು ಹೋಗುವುದು ಇನ್ನೊಂದು. ಎರಡನೆಯದರ ಕತೆಯೂ ಈ ಜಿಲ್ಲೆಯನ್ನು ಹಾದೇ ಹೋಗುತ್ತದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದ ಮಹಾನವಮಿ ನೋಡಿ ಬೆರಗಾಗಿ ಬರೆದ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸಿನ ಪೇಯಸ್ ಆನೆ, ಕುದುರೆ, ನರ್ತಕಿಯರ ಒಡವೆಗಳನ್ನೆಲ್ಲ ವಿವರವಾಗಿ ಬರೆದಿಟ್ಟ. 1565ರ ಜನವರಿ 23ರ ಕದನದಲ್ಲಿ ಆ ವೈಭವಕ್ಕೆ ಏಟು ಬಿತ್ತು. ಆ ಕದನಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳಲ್ಲಿ ತಂಗಡಗಿ ನಮ್ಮ ಮುದ್ದೇಬಿಹಾಳ ತಾಲ್ಲೂಕಿನದು. ದಸರೆ ದಕ್ಷಿಣಕ್ಕೆ ಸರಿಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಹೂಡಿದರು, ಮುಂದೆ ಅದು ಮೈಸೂರಿನದಾಯಿತು. 1880ರಲ್ಲಿ ಚಾಮರಾಜೇಂದ್ರ ಒಡೆಯರು ದಸರಾ ವಸ್ತುಪ್ರದರ್ಶನ ಆರಂಭಿಸಿದ ಮೇಲಂತೂ ಹಬ್ಬ, ಪೇಟೆ, ಪ್ರವಾಸ ಮೂರೂ ಒಂದೇ ಚೀಲದಲ್ಲಿ ಬಿದ್ದವು. ಮೈಸೂರಿನಲ್ಲಿ ಟಿಕೆಟ್ ತೆಗೆದು ಕುರ್ಚಿಯ ಮೇಲೆ ಕೂತು ಅಂಬಾರಿ ನೋಡಬಹುದು. ಅದರಲ್ಲಿ ತಪ್ಪೇನಿಲ್ಲ, ಜಂಬೂಸವಾರಿ ಕಣ್ತುಂಬ ನೋಡುವಂಥದ್ದೇ. ಆದರೆ ಶ್ರೀಶೈಲದ ದಾರಿಯಲ್ಲಿ ಕುರ್ಚಿ ಇಲ್ಲ.

ಅಲ್ಲಿರುವುದು ಕಂಬಿ. ಸಿಂಗರಿಸಿದ ಕಂಬಿಯನ್ನು ಹೆಗಲ ಮೇಲೆ ಹೊತ್ತವರು ಮುಂದೆ, ತಂಡ ಹಿಂದೆ. ಕೆಲವರು ಮರಗಾಲು ಕಟ್ಟಿಕೊಂಡು ಅಷ್ಟೂ ದಾರಿ ನಡೆಯುತ್ತಾರೆ. ನೋಡುವವರ ಮೊಣಕಾಲೇ ನೋಯುತ್ತದೆ. ಬಿಸಿಲಿಗೆ ಹೆದರಿ ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಡುತ್ತಾರೆ, ಮಧ್ಯಾಹ್ನ ಮರದಡಿ ಒರಗುತ್ತಾರೆ. ಕೃಷ್ಣೆಯನ್ನು ದಾಟಿ, ರಾಯಚೂರು ಜಿಲ್ಲೆ ಹಾದು, ಕರ್ನೂಲಿನ ಕಡೆಯ ಆತ್ಮಕೂರು ಮುಟ್ಟಿದರೆ ಮುಂದೆ ಬರೀ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ, ಕೈಲಾಸ ದ್ವಾರ. ಭೀಮನ ಕೊಳದಿಂದ ಮೇಲಿನ ಏರು ಹತ್ತುವಾಗ ಮಾತು ನಿಲ್ಲುತ್ತದೆ, ಉಸಿರಷ್ಟೇ ಕೇಳುತ್ತದೆ. ದಾರಿಯುದ್ದಕ್ಕೂ ಊರೂರಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಅನ್ನ-ಸಾರು. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವ ಕೈಗಳು. ಯಾರು, ಯಾವ ಜಾತಿ ಎಂದು ಕೇಳಿ ನೀಡುವ ಪದ್ಧತಿ ಅಲ್ಲಿಲ್ಲ.

ರೈಲು ಬಂದು ಏನು ಬದಲಾಯಿತು? 1876-78ರ ಭೀಕರ ಬರದ ಬಳಿಕ ಹಾಕಿದ ಹೋಟಗಿ-ಗದಗ ಹಳಿ 1884ರಲ್ಲಿ ವಿಜಯಪುರವನ್ನು ಮುಟ್ಟಿತು. 1906ರಲ್ಲಿ ಬಾರ್ಸಿಯ ಸಣ್ಣ ಹಳಿ ಪಂಢರಪುರಕ್ಕೆ ಹೋಯಿತು. ಇಂದು ಗೋಲಗುಂಬಜ ಎಕ್ಸ್‌ಪ್ರೆಸ್ಸಿನ ಒಂದು ತುದಿ ಮೈಸೂರು, ಇನ್ನೊಂದು ಪಂಢರಪುರ. ಚಾಮುಂಡಿ ಬೇಕೋ ವಿಠಲ ಬೇಕೋ, ವಿಜಯಪುರದ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಮಾತ್ರ ನೋಡಿಕೊಂಡರಾಯಿತು. ಶ್ರೀಶೈಲಕ್ಕೂ ಉಗಾದಿಗೆಂದೇ ವಿಶೇಷ ಬಸ್ಸುಗಳು ಓಡುತ್ತವೆ. ತಮಾಷೆಯೆಂದರೆ ಬಸ್ಸು ನಡಿಗೆಯನ್ನು ಕೊಲ್ಲಲಿಲ್ಲ, ಉಳಿಸಿತು. ಹಿಂದೆ ಹೋಗಿ ಬರುವುದಕ್ಕೆ ತಿಂಗಳು ಬೇಕಿತ್ತು. ಈಗ ನಡೆದು ಹೋಗಿ, ಬಸ್ಸಿನಲ್ಲಿ ಮಲಗಿ ಮರುದಿನ ಊರು ಸೇರಬಹುದು. ಹಾಗಾಗಿ ಅಂಗಡಿಯವರು, ಕಾಲೇಜಿನ ಹುಡುಗರು, ನೌಕರಿಯವರೂ ರಜೆ ಹಾಕಿ ಸೇರಿಕೊಳ್ಳುತ್ತಾರೆ.

ಈ ಉಗಾದಿಗೆ ಹೋಗಬೇಕೆಂದಿರುವವರು ಹಬ್ಬದ ದಿನವೇ ಮುಟ್ಟುವ ಲೆಕ್ಕ ಹಾಕಬೇಡಿ. ಅಮಾವಾಸ್ಯೆಯ ರಾತ್ರಿ ಅಲ್ಲಿರಿ. ಕಾಡಿನ ದಾರಿಗೆ ಹೊಸ ಚಪ್ಪಲಿ ಬೇಡ, ಒಬ್ಬರೇ ಹೋಗುವುದಂತೂ ಬೇಡವೇ ಬೇಡ. ಹೋಗಲಾಗದವರು ಹೋಳಿ ಮುಗಿದ ಮೇಲೆ ಒಂದು ಮುಂಜಾನೆ ರಸ್ತೆಗೆ ಬಂದು ನಿಲ್ಲಿ. ಒಂದು ಕೊಡ ಮಜ್ಜಿಗೆ ತನ್ನಿರಿ. ಸಿದ್ಧರಾಮ ತರುವಷ್ಟರಲ್ಲಿ ಮಲ್ಲಯ್ಯ ಹೋಗಿಬಿಟ್ಟಿದ್ದ; ನೀವು ಸ್ವಲ್ಪ ಬೇಗ ಬನ್ನಿ.