ನಡುಕ ನಿಂತ ಮೇಲಿನ ಅಪಾಯ
(ಕಬ್ಬು ಬೆಳೆಗಾರ ಸಭಾಸದರ ಮೇಳಾವದಲ್ಲಿ ಮಾಡಿದ ಭಾಷಣ)



ಹಂಗಾಮಿನ ಮಾತು, ಬಿಲ್ಲಿನ ಮಾತು ಕೇಳಲು ಬಂದ ನಿಮ್ಮ ಮುಂದೆ ಇಂದು ಭೂಕಂಪದ ಮಾತು ತೆಗೆದಿದ್ದೇನೆ. ಇದು ನಮಗೆ ದೂರದ ಮಾತಲ್ಲ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯ್ನಾ ಸೀಮೆ ನಡುಗಿತು. 1993ರ ಸೆಪ್ಟೆಂಬರ್ 30ರಂದು, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಇನ್ನೂ ನಾಲ್ಕು ಹೊಡೆದಿರಲಿಲ್ಲ, ಕಿಲ್ಲಾರಿ ಮತ್ತು ಸಾಸ್ತೂರ ನೆಲಸಮವಾದವು. 7,900ಕ್ಕೂ ಹೆಚ್ಚು ಜನ ಸತ್ತರು. ಬರೀ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಾಳಿಗೆ ಅವರ ಮೈಮೇಲೆ ಬಿದ್ದವು. ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲಿಯೂ ಇವೆ.

ನಡುಕ ಸಾಮಾನ್ಯವಾಗಿ ಒಂದು ನಿಮಿಷ ನಡೆದರೆ ಹೆಚ್ಚು. ಅದರ ಬೆನ್ನಿಗೆ ಬರುವ ಬೆಂಕಿ, ಮರುನಡುಕ, ನೀರು, ರೋಗ ಮತ್ತು ಸುಳ್ಳು ಸುದ್ದಿ ಮಾತ್ರ ಬದುಕಿ ಉಳಿದವರನ್ನು ಕಾಡುತ್ತವೆ. ನಡುಕವನ್ನು ತಡೆಯುವುದು ನಮ್ಮಿಂದಾಗದು. ಅದರ ಹಿಂದೆ ಬರುವುದನ್ನು ಬಹಳಷ್ಟು ತಡೆಯಬಹುದು. ಇಷ್ಟೇ ನಾನು ಇಂದು ಹೇಳುವುದು.

ಮೊದಲು ಬೆಂಕಿ. ಜಪಾನಿನಲ್ಲಿ 1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನಕ್ಕೆ ಎರಡು ನಿಮಿಷ ಇರುವಾಗ ಭೂಮಿ ನಡುಗಿತು. ಮನೆಮನೆಯಲ್ಲಿ ಅಡಿಗೆಯ ಒಲೆ ಉರಿಯುತ್ತಿದ್ದವು, ಮನೆಗಳು ಕಟ್ಟಿಗೆಯವು. ಟೋಕಿಯೋ ಮತ್ತು ಯೋಕೋಹಾಮಾ ಹೊತ್ತಿಕೊಂಡವು. ಲಕ್ಷಕ್ಕೂ ಮಿಕ್ಕಿ ಜನ ಸತ್ತರು; ಅವರಲ್ಲಿ ಬಹುಪಾಲು ಜನ ಸತ್ತದ್ದು ಬೆಂಕಿಯಿಂದ. ಟೋಕಿಯೋದ ಒಂದು ಬಯಲಿನಲ್ಲಿ ಹಾಸಿಗೆ, ಗಂಟುಮೂಟೆ ಹೊತ್ತು ತಂದು ಸೇರಿದ್ದ ಸುಮಾರು 38,000 ಜನ ಅಲ್ಲಿಯೇ ಸುಟ್ಟುಹೋದರು. ಅವರು ತಂದ ಸಾಮಾನೇ ಬೆಂಕಿಗೆ ಆಹಾರವಾಯಿತು. ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1906ರಲ್ಲಿ ನೀರಿನ ನಳಗಳು ಒಡೆದಿದ್ದರಿಂದ ಆರಿಸಲು ನೀರಿಲ್ಲದೆ ಊರು ಮೂರು ದಿನ ಉರಿಯಿತು. ಅದರಲ್ಲಿ ಒಂದು ದೊಡ್ಡ ಬೆಂಕಿ, ನಡುಕ ನಿಂತ ಮೇಲೆ ಹೊಗೆಗೂಡು ಬಿರುಕುಬಿಟ್ಟ ಮನೆಯಲ್ಲಿ ಒಲೆ ಹಚ್ಚಿದ್ದರಿಂದಲೇ ಹುಟ್ಟಿತು.

ಈಗ ನಮ್ಮ ಕಡೆ ನೋಡಿರಿ. ಹಿತ್ತಲಲ್ಲಿ ಬಣವಿ, ಹೊಲದಲ್ಲಿ ಒಣಗಿದ ರವದಿ, ಕಬ್ಬು ಕಡಿಯುವ ಟೋಳಿಯವರ ಗುಡಿಸಲು, ಗುಡಿಸಲ ಬಾಯಿಗೇ ಒಲೆ. ಆದ್ದರಿಂದ ನೆಲ ನಡುಗಿ ನಿಂತೊಡನೆ ಒಲೆ ಆರಿಸಿರಿ. ಗ್ಯಾಸಿನ ಸಿಲಿಂಡರ್ ಬಂದ್ ಮಾಡಿರಿ. ಮನೆಯ ಮೇನ್ ಸ್ವಿಚ್, ಪಂಪಿನ ಸ್ಟಾರ್ಟರ್ ಎರಡನ್ನೂ ತೆಗೆಯಿರಿ. ಕತ್ತಲಾದರೂ ಕಡ್ಡಿ ಗೀರಬೇಡಿರಿ, ಬ್ಯಾಟರಿ ಹಿಡಿಯಿರಿ. ಹರಿದುಬಿದ್ದ ತಂತಿಯ ಹತ್ತಿರ ದನಗಳನ್ನೂ ಬಿಡಬೇಡಿರಿ.

ಎರಡನೆಯದು ಮರುನಡುಕ. ನೇಪಾಳದಲ್ಲಿ 2015ರ ಏಪ್ರಿಲ್ 25ರ ದೊಡ್ಡ ಭೂಕಂಪವಾಗಿ 17 ದಿನಗಳ ಮೇಲೆ, ಮೇ 12ರಂದು, 7.3 ಪ್ರಮಾಣದ ಇನ್ನೊಂದು ಬಂದು ಮತ್ತೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲ ಪೆಟ್ಟಿಗೆ ಬಿರಿದ ಗೋಡೆ ಎರಡನೆಯ ಸಣ್ಣ ಪೆಟ್ಟಿಗೂ ಬೀಳುತ್ತದೆ. ಟ್ರಂಕಿನಲ್ಲಿ ಬಂಗಾರವಿದೆ, ಒಳಗೆ ಜೋಳದ ಚೀಲವಿದೆ ಎಂದು ಬಿರುಕುಬಿಟ್ಟ ಮನೆಯೊಳಗೆ ಹೋಗಬೇಡಿರಿ. ಜೋಳ ಮುಂದಿನ ಸುಗ್ಗಿಗೆ ಬರುತ್ತದೆ, ಮನೆಯ ಮನುಷ್ಯ ಬರುವುದಿಲ್ಲ. ತಿಳಿದವರು ನೋಡಿ ಹೇಳುವವರೆಗೆ ಬಯಲಲ್ಲೇ ಮಲಗಿರಿ.

ಮೂರನೆಯದು ನೀರು. ಗುಡ್ಡಗಾಡಿನಲ್ಲಿ ಗುಡ್ಡ ಕುಸಿದು ಹೊಳೆಗೆ ಅಡ್ಡಗಟ್ಟುತ್ತದೆ. 1950ರ ಅಸ್ಸಾಂ ಭೂಕಂಪದಲ್ಲಿ ಸುಬನಸಿರಿ ಹೊಳೆಗೆ ಹೀಗಾಗಿ, ಎಂಟು ದಿನದ ಮೇಲೆ ಅಡ್ಡಗಟ್ಟಿದ ಮಣ್ಣು ಒಡೆದು, ಐನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ನಮ್ಮದು ಬಯಲುಸೀಮೆ, ಆ ಭಯ ಕಡಿಮೆ. ನಮ್ಮ ಜನರ ಬಾಯಲ್ಲಿ ಬರುವುದು ಆಣೆಕಟ್ಟಿನ ಮಾತು. 1967ರಲ್ಲಿ ಕೊಯ್ನಾ ಕಟ್ಟೆ ಬಿರುಕುಬಿಟ್ಟಿತು, ಆದರೆ ಒಡೆಯಲಿಲ್ಲ. ಮುಂದೆ ಕಾಂಕ್ರೀಟಿನ ಆಸರೆ ಕೊಟ್ಟು ಅದನ್ನು ಬಲಪಡಿಸಿದರು. ಭೀಮೆಯ ದಂಡೆಯ ಊರಿನವರು ಎಚ್ಚರವಾಗಿರಬೇಕು ನಿಜ. ಆದರೆ "ಉಜನಿ ಒಡೀತಂತೆ" ಎಂದು ಯಾರೋ ಕೂಗಿದೊಡನೆ ರಾತ್ರಿಯಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಓಡುವುದೂ ಒಂದು ಅಪಾಯವೇ. ತಲಾಠಿಯವರನ್ನೋ ಪೋಲೀಸ್ ಪಾಟೀಲರನ್ನೋ ಕೇಳಿರಿ, ರೇಡಿಯೋ ಕೇಳಿರಿ. ಅವರು ಎದ್ದುಹೋಗಿರಿ ಎಂದರೆ ಮಾತ್ರ ತಡಮಾಡಬೇಡಿರಿ.

ಕೊನೆಯದು ರೋಗ. ಭೂಮಿ ನಡುಗಿದಾಗ ಬಾವಿಯ ನೀರು ಕದಡಬಹುದು, ಕೊಳವೆ ಒಡೆದು ಗಟಾರದ ಹೊಲಸು ಕುಡಿಯುವ ನೀರಿಗೆ ಸೇರಬಹುದು. ಕುದಿಸಿ ಆರಿಸಿ ಕುಡಿಯಿರಿ. ಬೆಳೆಗೆ ಹೊಡೆಯುವ ಔಷಧದ ಬಾಟಲಿ ಒಡೆದು ಕಾಳಿಗೆ ಚೆಲ್ಲಿದ್ದರೆ ಆ ಕಾಳನ್ನು ದನಕ್ಕೂ ಹಾಕಬೇಡಿರಿ. ಇಂದೇ ಆ ಬಾಟಲಿಗಳನ್ನು ಮಾಡದಿಂದ ಇಳಿಸಿ, ಮಕ್ಕಳ ಕೈಗೆ ಸಿಗದಂತೆ, ನೆಲದ ಮೇಲಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ.

ಬಂಧುಗಳೇ, ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದರೆ ಏನು ಫಲ? ಇಂದು ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿರಿ. ಬಣವಿಯನ್ನು ಮನೆಯಿಂದ, ಒಲೆಯಿಂದ ದೂರ ಒಟ್ಟಿರಿ. ಮೇನ್ ಸ್ವಿಚ್ ಎಲ್ಲಿದೆ, ಹೇಗೆ ತೆಗೆಯಬೇಕು ಎಂಬುದನ್ನು ಮನೆಯ ಹೆಣ್ಣುಮಕ್ಕಳಿಗೂ ತೋರಿಸಿರಿ. ಆ ಹೊತ್ತಿಗೆ ನೀವು ಹೊಲದಲ್ಲಿದ್ದೀರಿ, ಮನೆಯಲ್ಲಿ ಅವರೇ ಇರುತ್ತಾರೆ.